ಅನಿರ್ದಿಷ್ಟ ಅವಧಿಯ ಮೌನ

1983ರಲ್ಲಿ ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಬ್ರೋರಾ ಎಂಬ ಊರಿನಲ್ಲಿ ಒಂದು ವಿಸ್ಕಿ ಡಿಸ್ಟಿಲರಿ ಬಾಗಿಲು ಹಾಕಿತು. ಅಲ್ಲಿದ್ದ ಕೊನೆಯ ಅಬಕಾರಿ ಅಧಿಕಾರಿ ಡಿಸ್ಟಿಲರಿಯ ಲೆಡ್ಜರಿನಲ್ಲಿ ಒಂದು ಸಾಲು ಬರೆದಿಟ್ಟರು. ಬ್ರೋರಾದ ‘ಮೌನ ಋತು’ ಆರಂಭವಾಯಿತು ಎಂಬುದು ಅದರ ಸಾರ. ಜೊತೆಗೆ, ಅವಧಿ ಅನಿರ್ದಿಷ್ಟ ಎಂದು ಕಂಸದೊಳಗೊಂದು ಷರಾ. ಒಲೆ ಆರಿಸಿ, ಹಂಡೆ ತೊಳೆದು, ದುರಸ್ತಿಗೆಂದು ಡಿಸ್ಟಿಲರಿಯನ್ನು ಪ್ರತಿವರ್ಷ ಕೆಲವು ವಾರ ನಿಲ್ಲಿಸುವುದಕ್ಕೆ ಆ ಉದ್ಯಮದಲ್ಲಿ ಮೌನ ಋತು ಎನ್ನುತ್ತಾರೆ. ಸರ್ಕಾರಿ ಕಡತಗಳ ನಡುವೆ ಜೀವನ ಕಳೆದ ನನ್ನಂಥವರಿಗೆ ‘ಅನಿರ್ದಿಷ್ಟ ಅವಧಿ’ ಎಂಬ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಕಡತ ಮುಚ್ಚಿದೆ, ಆದರೆ ಮುಚ್ಚಿದೆ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ ಎಂದೇ ಅದರರ್ಥ. ಆ ಮೌನ 38 ವರ್ಷ ನಡೆಯಿತು.

ಆ 38 ವರ್ಷಗಳಲ್ಲಿ ಬ್ರೋರಾದಲ್ಲಿ ಒಂದು ಹನಿಯೂ ತಯಾರಾಗಲಿಲ್ಲ. ಆದರೂ ಇದೇ ಅವಧಿಯಲ್ಲಿ ಬ್ರೋರಾ ಜಗತ್ತಿನ ಅತ್ಯಂತ ದುಬಾರಿ ವಿಸ್ಕಿಗಳಲ್ಲೊಂದಾಯಿತು. 2002ರಲ್ಲಿ ಅದರ ಒಡೆತನದ ಕಂಪೆನಿ, ಗೋದಾಮಿನಲ್ಲಿ ಉಳಿದಿದ್ದ ಪೀಪಾಯಿಗಳಿಂದ 30 ವರ್ಷದ ಬ್ರೋರಾವನ್ನು ನೀರು ಬೆರೆಸದೆ, ಶೇ 52.4ರ ಮದ್ಯಸಾರದೊಂದಿಗೆ ಬಾಟಲಿಗೆ ತುಂಬಿ ಹೊರತಂದಿತು. ಮುಂದೆ ಅಂಥ ಬಾಟಲಿಗಳು ಒಂದಾದ ಮೇಲೊಂದು ಬಂದವು. 2014ರಲ್ಲಿ ಬಂದ 40 ವರ್ಷದ ಬ್ರೋರಾ ಕೇವಲ 160 ಬಾಟಲಿ. ಒಂದಕ್ಕೆ ಸುಮಾರು ಏಳು ಸಾವಿರ ಪೌಂಡ್. ನಾನು ಇದನ್ನು ರುಚಿ ನೋಡಿದವನಲ್ಲ. ನಿವೃತ್ತಿ ವೇತನದಲ್ಲಿ ಬದುಕುವವನು ನೋಡುವ ಸಂಭವವೂ ಇಲ್ಲ. ಕೇಣಿಲೆಕ್ಕ, ಗುಣಮಟ್ಟ, ರುಚಿಗಳ ಚರ್ಚೆಯನ್ನು ಬಲ್ಲವರಿಗೇ ಬಿಡುತ್ತೇನೆ. ಅರ್ಥಶಾಸ್ತ್ರ ಓದಿದವನಿಗೆ ಕಾಡುವ ಪ್ರಶ್ನೆ ಬೇರೆ: ಯಾರಿಗೂ ಬೇಡವೆಂದು ನಿಲ್ಲಿಸಿದ ಒಂದು ಪದಾರ್ಥಕ್ಕೆ ಈ ಬೆಲೆ ಎಲ್ಲಿಂದ ಬಂತು, ಮತ್ತು ಅದು ಯಾರ ಕೈ ಸೇರಿತು?

ಮೊದಲು ಪದಗಳ ಪರಿಚಯ. ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ಒಂದೇ ಡಿಸ್ಟಿಲರಿಯಲ್ಲಿ, ತಾಮ್ರದ ಹಂಡೆಗಳಲ್ಲಿ ಇಳಿಸಿದ್ದು ಸಿಂಗಲ್ ಮಾಲ್ಟ್. ಇಂಥ ಹಲವು ಮಾಲ್ಟ್‌ಗಳನ್ನು ಇತರ ಧಾನ್ಯಗಳ ಅಗ್ಗದ ವಿಸ್ಕಿಯೊಡನೆ ಬೆರೆಸಿದ್ದು ಬ್ಲೆಂಡ್. ನಮ್ಮಲ್ಲಿ ಸ್ಕಾಚ್ ಎಂದು ಹೆಸರಾದದ್ದು ಬಹುಪಾಲು ಇದೇ. ಸಾಮಾನ್ಯವಾಗಿ ಬಾಟಲಿಗೆ ತುಂಬುವ ಮೊದಲು ನೀರು ಬೆರೆಸಿ ಮದ್ಯಸಾರವನ್ನು ಶೇ 40 ಅಥವಾ 43ಕ್ಕೆ ಇಳಿಸುತ್ತಾರೆ. ಹಾಗೆ ಇಳಿಸದೆ ಪೀಪಾಯಿಯಲ್ಲಿ ಇದ್ದಂತೆಯೇ ತುಂಬಿದ್ದು ‘ಕಾಸ್ಕ್ ಸ್ಟ್ರೆಂತ್’. ಬಾಟಲಿಯ ಮೇಲೆ 30 ವರ್ಷ ಎಂದು ಬರೆಯಬೇಕಾದರೆ ಒಳಗಿರುವ ಅತ್ಯಂತ ಎಳೆಯ ಹನಿಗೂ ಅಷ್ಟು ವಯಸ್ಸಾಗಿರಬೇಕು. ಅದೂ ಓಕ್ ಮರದ ಪೀಪಾಯಿಯಲ್ಲಿ ಕಳೆದ ವಯಸ್ಸು. ಗಾಜಿನೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ.

ಬ್ರೋರಾದ ಕಥೆ ವಿಸ್ಕಿಯಿಂದ ಆರಂಭವಾಗುವುದಿಲ್ಲ, ಕುರಿಗಳಿಂದ ಆರಂಭವಾಗುತ್ತದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸದರ್ಲೆಂಡ್ ಕೌಂಟಿಯ ಬಹುಭಾಗ ಭೂಮಿ ಸದರ್ಲೆಂಡಿನ ಕೌಂಟೆಸ್ ಮತ್ತು ಆಕೆಯ ಪತಿ, ಬ್ರಿಟನ್ನಿನ ಅತಿ ಶ್ರೀಮಂತರಲ್ಲೊಬ್ಬನಾದ ಮಾರ್ಕ್ವಿಸ್ ಆಫ್ ಸ್ಟಾಫರ್ಡ್ ಅವರ ಕೈಯಲ್ಲಿತ್ತು. ಒಳನಾಡಿನ ಕಣಿವೆಗಳಲ್ಲಿ ತಲೆಮಾರುಗಳಿಂದ ಗೇಲಿಕ್ ನುಡಿಯ ಗೇಣಿದಾರರು ಓಟ್ಸ್, ಬಾರ್ಲಿ ಬೆಳೆದು, ದನ ಸಾಕಿ ಬದುಕಿದ್ದರು. ಉಣ್ಣೆಯ ಬೆಲೆ ಏರಿದ್ದರಿಂದ ಮನುಷ್ಯರಿಗಿಂತ ಕುರಿ ಹೆಚ್ಚು ಗೇಣಿ ತರುತ್ತದೆಂದು ಎಸ್ಟೇಟಿನ ಲೆಕ್ಕ ಹೇಳಿತು. ಊರೂರುಗಳನ್ನೇ ಖಾಲಿ ಮಾಡಿಸಿದರು. ಮತ್ತೆ ಬಂದು ನೆಲೆಸದಂತೆ ಮನೆಗಳ ಮಾಡಿನ ತೊಲೆಗಳಿಗೆ ಬೆಂಕಿ ಇಟ್ಟರು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಈ ಕೆಲಸ ಮಾಡಿಸಿದ ಎಸ್ಟೇಟಿನ ಅಧಿಕಾರಿ ಪ್ಯಾಟ್ರಿಕ್ ಸೆಲ್ಲರ್, ವೃದ್ಧೆಯೊಬ್ಬಳ ಸಾವಿಗೆ ಕಾರಣನಾದ ಆರೋಪ ಹೊತ್ತು 1816ರಲ್ಲಿ ಇನ್ವರ್ನೆಸ್ ನ್ಯಾಯಾಲಯದ ಎದುರು ನಿಂತ. ಖುಲಾಸೆಯೂ ಆದ. ಕಾರ್ಲ್ ಮಾರ್ಕ್ಸ್ ತನ್ನ ‘ಬಂಡವಾಳ’ ಗ್ರಂಥದಲ್ಲಿ ಈ ಸದರ್ಲೆಂಡನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದಾನೆ. 1814ರಿಂದ 1820ರವರೆಗೆ ಒಕ್ಕಲೆಬ್ಬಿಸಲ್ಪಟ್ಟವರು 15,000 ಮಂದಿ, ಅವರ ಜಾಗಕ್ಕೆ ಬಂದ ಕುರಿಗಳು 1,31,000 ಎಂಬುದು ಅವನು ಕೊಡುವ ಲೆಕ್ಕ.

ಹೊರಹಾಕಿದವರಿಗೆ ಕಡಲ ಅಂಚಿನಲ್ಲಿ ತುಂಡು ನೆಲ ಕೊಡಲಾಯಿತು. ಕೃಷಿಕರು ಮೀನುಗಾರರೂ ಗಣಿ ಕಾರ್ಮಿಕರೂ ಆಗಬೇಕೆಂಬುದು ಯೋಜನೆ. ಆ ಯೋಜನೆಯ ಒಂದು ಕೇಂದ್ರವೇ ಬ್ರೋರಾ. ಅಲ್ಲಿ ಕಲ್ಲಿದ್ದಲು ಗಣಿ, ಇಟ್ಟಿಗೆಯ ಗೂಡು, ಉಪ್ಪಿನ ಕೊಪ್ಪರಿಗೆಗಳಿದ್ದವು. 1819ರಲ್ಲಿ ಮಾರ್ಕ್ವಿಸ್ ಅಲ್ಲೊಂದು ಡಿಸ್ಟಿಲರಿ ಕಟ್ಟಿಸಿದ. ಅಂದು ಅದರ ಹೆಸರು ಕ್ಲೈನಲಿಶ್. ಕರಾವಳಿಯ ಹೊಸ ಒಕ್ಕಲುಗಳು ಬೆಳೆದ ಬಾರ್ಲಿಗೆ ಒಂದು ಮಾರುಕಟ್ಟೆ, ಕಾಡಿನಲ್ಲಿ ಕಳ್ಳಭಟ್ಟಿ ಇಳಿಸುವವರಿಗೆ ಒಂದು ಪೆಟ್ಟು, ಮಾರ್ಕ್ವಿಸನಿಗೆ ಗೇಣಿ: ಒಂದೇ ಕಲ್ಲಿಗೆ ಮೂರು ಹಣ್ಣು. ಅದೇ 1819ರಲ್ಲಿ ಸ್ಟ್ರಾತ್‌ನೇವರಿನಲ್ಲಿ ಮತ್ತೊಂದು ಸುತ್ತು ಮನೆಗಳು ಉರಿಯುತ್ತಿದ್ದವು. ಬ್ರೋರಾದ ಪಕ್ಕದ ಗೋಲ್ಸ್‌ಪಿ ಊರಿನ ಬೆಟ್ಟದ ತುದಿಯಲ್ಲಿ, ಮುಂದೆ ಡ್ಯೂಕ್ ಆದ ಆ ಮಾರ್ಕ್ವಿಸನ ನೂರು ಅಡಿ ಎತ್ತರದ ಸ್ಮಾರಕ ಇಂದಿಗೂ ನಿಂತಿದೆ. ಅದನ್ನು ಇಳಿಸಬೇಕೇ ಬೇಡವೇ ಎಂಬ ಜಗಳ ಆ ಸೀಮೆಯಲ್ಲಿ ಆಗಾಗ ಎದ್ದದ್ದುಂಟು. ದುಬಾರಿ ಬಾಟಲಿಯ ಚೀಟಿಯ ಮೇಲೆ 1819 ಎಂಬ ಇಸವಿಯನ್ನು ಪರಂಪರೆಯ ಹೆಮ್ಮೆಯಾಗಿ ಓದುವವರಿಗೆ ಆ ವರ್ಷ ಇನ್ನೇನೇನು ನಡೆದಿತ್ತು ಎಂಬುದೂ ತಿಳಿದಿರಬೇಕು.

ಮುಂದಿನ ನೂರೈವತ್ತು ವರ್ಷಗಳ ಒಡೆತನದ ಕೈಬದಲಾವಣೆಗಳನ್ನು ಇಲ್ಲಿ ವಿವರಿಸಬೇಕಾಗಿಲ್ಲ. 1925ರ ಹೊತ್ತಿಗೆ ಅದು ಡಿಸ್ಟಿಲರ್ಸ್ ಕಂಪೆನಿ ಎಂಬ ದೈತ್ಯ ಸಂಸ್ಥೆಯ ಪಾಲಾಗಿತ್ತು. ಸ್ಕಾಚ್‌ಗೆ ಬೇಡಿಕೆ ಏರುತ್ತಿದ್ದ ಅರುವತ್ತರ ದಶಕದಲ್ಲಿ ಕಂಪೆನಿ ಪಕ್ಕದಲ್ಲೇ ಆರು ಹಂಡೆಗಳ ಹೊಸ ಡಿಸ್ಟಿಲರಿ ಕಟ್ಟಿ, ಕ್ಲೈನಲಿಶ್ ಹೆಸರನ್ನೂ ಅದಕ್ಕೇ ಕೊಟ್ಟಿತು. ಎರಡೇ ಹಂಡೆಗಳ ಹಳೆಯದು 1968ರಲ್ಲಿ ನಿಂತಿತು. ಆದರೆ ಮರುವರ್ಷವೇ ಅದಕ್ಕೆ ಕರೆ ಬಂತು. ಜೌಗುನೆಲದಿಂದ ಅಗೆದ ಪೀಟ್ ಎಂಬ ಇಂಧನದ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡಿದ, ಹೊಗೆ ವಾಸನೆಯ ವಿಸ್ಕಿ ಬ್ಲೆಂಡ್‌ಗಳಿಗೆ ಬೇಕೇ ಬೇಕು. ಅದು ಬರುತ್ತಿದ್ದುದು ಮುಖ್ಯವಾಗಿ ಪಶ್ಚಿಮದ ಐಲಾ ದ್ವೀಪದಿಂದ. ಅಲ್ಲಿಯ ಸರಬರಾಜು ಸಾಲದಾದಾಗ, ಜೊತೆಗೆ ಅಲ್ಲಿನ ಕೂಲ್ ಈಲಾ ಡಿಸ್ಟಿಲರಿಯನ್ನು ಕೆಡವಿ 1972ರಿಂದ 1974ರವರೆಗೆ ಮರಳಿ ಕಟ್ಟುತ್ತಿದ್ದಾಗ, ಬ್ರೋರಾದ ಹಳೆಯ ಹಂಡೆಗಳಿಗೆ ಆ ಕೊರತೆ ತುಂಬುವ ಕೆಲಸ ಬಿತ್ತು. ಬ್ರೋರಾ ಎಂಬ ಹೆಸರೂ ಅದಕ್ಕೆ ಬಂದದ್ದು ಈ ಎಪ್ಪತ್ತರ ದಶಕದಲ್ಲೇ. ಇಂದು ಸಂಗ್ರಾಹಕರು ಪೂಜಿಸುವ 1972ರ ಬ್ರೋರಾ, ರಜೆ ಹಾಕಿದವನ ಬದಲಿಗೆ ಬಂದ ತಾತ್ಕಾಲಿಕ ನೌಕರನ ದುಡಿಮೆ ಎಂದರೆ ತಪ್ಪಾಗದು. ಇದು ಮೂವತ್ತು ವರ್ಷ ಕೂರಲಿ ಎಂದು ಅಂದು ಯಾರೂ ತುಂಬಿಟ್ಟದ್ದಲ್ಲ. ಕೆಲವೇ ವರ್ಷಗಳಲ್ಲಿ ಬ್ಲೆಂಡ್‌ನಲ್ಲಿ ಕರಗಿ ಹೋಗುವುದೇ ಅದರ ವಿಧಿಯಾಗಿತ್ತು.

ಮೂವತ್ತು ವರ್ಷ ಕಾಯುವುದೆಂದರೆ ಏನು ಎಂಬುದಕ್ಕೆ ಸ್ವಲ್ಪ ಲೆಕ್ಕ ಹಾಕೋಣ. ಪೀಪಾಯಿಯ ಮರ ಉಸಿರಾಡುತ್ತದೆ. ಅದರೊಳಗಿನ ದ್ರವ ವರ್ಷ ವರ್ಷವೂ ಆವಿಯಾಗಿ ಹೋಗುತ್ತದೆ. ಇಂಗ್ಲಿಷಿನವರು ಇದನ್ನು ದೇವದೂತರ ಪಾಲು ಎನ್ನುತ್ತಾರೆ. ನಾವಾದರೆ ಹವಿರ್ಭಾಗ ಎನ್ನಬಹುದು. ಸ್ಕಾಟ್ಲೆಂಡಿನ ತಂಪಿನಲ್ಲಿ ಇದು ವರ್ಷಕ್ಕೆ ಸುಮಾರು ಶೇ 2. 250 ಲೀಟರಿನ ಪೀಪಾಯಿಯೊಂದರಲ್ಲಿ ಮೂವತ್ತು ವರ್ಷಗಳ ನಂತರ ಉಳಿಯುವುದು 136 ಲೀಟರ್, ಅಂದರೆ ಇನ್ನೂರಕ್ಕೂ ಕಡಿಮೆ ಬಾಟಲಿ. ಆ ತಂಪು ತೇವದ ಹವೆಯಲ್ಲಿ ನೀರಿಗಿಂತ ಮದ್ಯಸಾರವೇ ಬೇಗ ಹೋಗುವುದರಿಂದ, ಶೇ 63.5ರ ಆಸುಪಾಸಿನಲ್ಲಿ ತುಂಬಿದ್ದು ನಿಧಾನವಾಗಿ ಇಳಿಯುತ್ತದೆ. ಶೇ 40ಕ್ಕಿಂತ ಕೆಳಗಿಳಿದರೆ ಕಾನೂನಿನ ಪ್ರಕಾರ ಅದು ವಿಸ್ಕಿಯೇ ಅಲ್ಲ. ಮೂರು ದಶಕದ ನಂತರವೂ ಶೇ 52 ಉಳಿಸಿಕೊಂಡ ಪೀಪಾಯಿಯೆಂದರೆ ವೃದ್ಧಾಪ್ಯದಲ್ಲೂ ಬೆನ್ನು ಬಾಗದ ಮನುಷ್ಯನಂತೆ.

ಇದೇ ಪೀಪಾಯಿ ಬೆಂಗಳೂರಿನಲ್ಲಿದ್ದರೆ? ಇಲ್ಲಿನ ಬೆಚ್ಚಗಿನ ಒಣ ಹವೆಯಲ್ಲಿ ವರ್ಷಕ್ಕೆ ಶೇ 10ರಿಂದ 12ರಷ್ಟು ಹೋಗುತ್ತದೆ. ಶೇ 11 ಎಂದು ಹಿಡಿದರೆ ಹತ್ತು ವರ್ಷಕ್ಕೆ ಉಳಿಯುವುದು 78 ಲೀಟರ್, ಮೂವತ್ತು ವರ್ಷಕ್ಕೆ ಎಂಟು ಲೀಟರ್ ಕೂಡ ಇಲ್ಲ. 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿ ಸ್ಕಾಟರ ಹುಬ್ಬೇರಿಸಿದ ನಮ್ಮ ಅಮೃತ್ ಡಿಸ್ಟಿಲರಿಯವರು, 2013ರಲ್ಲಿ ಎಂಟು ವರ್ಷದ ವಿಸ್ಕಿಯನ್ನು ಹೊರತಂದಾಗ ಅದಕ್ಕೆ ‘ಗ್ರೀಡಿ ಏಂಜೆಲ್ಸ್’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮೈಸೂರು ರಸ್ತೆಯ ದೇವತೆಗಳ ಹಸಿವು ದೊಡ್ಡದು. ಇಲ್ಲಿ ವಿಸ್ಕಿ ಬೇಗ ಮಾಗುತ್ತದೆ, ಬೇಗ ಮಾಯವೂ ಆಗುತ್ತದೆ. ಹೀಗಾಗಿ ವಯಸ್ಸಿನ ಅಂಕಿಯೊಂದನ್ನೇ ನೋಡಿ ಎರಡು ನಾಡುಗಳ ವಿಸ್ಕಿಗಳನ್ನು ತೂಗುವುದು ಅವಿವೇಕ.

ಇನ್ನು ಬಡ್ಡಿಯ ಲೆಕ್ಕ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಕ್ನುಟ್ ವಿಕ್ಸೆಲ್ ಬಂಡವಾಳದ ಸಿದ್ಧಾಂತವನ್ನು ವಿವರಿಸಲು ಮಾಗುತ್ತಿರುವ ದ್ರಾಕ್ಷಾರಸದ ಉದಾಹರಣೆಯನ್ನೇ ಬಳಸಿದ. ಎಂ.ಎ. ತರಗತಿಯಲ್ಲಿ ನಾವೆಲ್ಲ ಅದನ್ನು ಓದಿದ್ದೆವು. ಮದ್ಯವನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು? ಅದರ ಬೆಲೆ ವರ್ಷಕ್ಕೆ ಏರುವ ದರ ಬಡ್ಡಿಯ ದರಕ್ಕೆ ಇಳಿಯುವವರೆಗೆ. ಅಲ್ಲಿಂದಾಚೆ ಒಂದು ದಿನವೂ ಇಡಬಾರದು. (ಈ ವಿಕ್ಸೆಲ್ ಮೊದಲ ಬಾರಿಗೆ ಸಾರ್ವಜನಿಕ ವಿವಾದಕ್ಕೆ ಸಿಲುಕಿದ್ದು 1880ರಲ್ಲಿ, ಕುಡಿತದ ಚಟದ ಕಾರಣಗಳ ಬಗ್ಗೆ ಪಾನನಿರೋಧಿಗಳ ಸಭೆಯಲ್ಲಿ ಮಾಡಿದ ಭಾಷಣದಿಂದ ಎಂಬುದು ಅಧ್ಯಾಪಕರು ಹೇಳದೆ ಬಿಡುವ ಸ್ವಾರಸ್ಯ.) ಶೇ 10ರ ಬಡ್ಡಿಯಲ್ಲಿ ನೂರು ಪೌಂಡ್ ಮೂವತ್ತು ವರ್ಷಕ್ಕೆ 1,745 ಪೌಂಡ್ ಆಗುತ್ತದೆ. ಅಷ್ಟರಲ್ಲಿ ಸರಕು ಅರ್ಧದಷ್ಟೇ ಉಳಿದಿರುವುದರಿಂದ ಲೀಟರಿನ ಬೆಲೆ 32 ಪಟ್ಟು ಏರಿದರೆ ಮಾತ್ರ ಅಸಲಿಗೆ ಮೋಸವಿಲ್ಲ. ಗೋದಾಮಿನ ಬಾಡಿಗೆ ಬೇರೆ. 1979ರ ನವೆಂಬರಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ದರ ಶೇ 17ಕ್ಕೆ ಮುಟ್ಟಿತ್ತು. ಅಂಥ ಕಾಲದಲ್ಲಿ, ಬುದ್ಧಿ ನೆಟ್ಟಗಿರುವ ಯಾವ ಲೆಕ್ಕಿಗನೂ ಬ್ರೋರಾದ ಪೀಪಾಯಿಯನ್ನು 2002ರವರೆಗೆ ಇಡಲು ಸಲಹೆ ಕೊಡುತ್ತಿರಲಿಲ್ಲ.

ಯಾರೂ ಕೊಡಲೂ ಇಲ್ಲ. ಬ್ರೋರಾ ಹಳತಾದದ್ದು ದೂರದೃಷ್ಟಿಯಿಂದಲ್ಲ, ದೃಷ್ಟಿದೋಷದಿಂದ. ವಿಸ್ಕಿ ವ್ಯಾಪಾರದಲ್ಲಿ ಇಂದು ಇಳಿಸಿದ್ದಕ್ಕೆ ಗಿರಾಕಿ ಬರುವುದು ಹತ್ತು ಹನ್ನೆರಡು ವರ್ಷಗಳ ನಂತರ. ಸೇವೆಯಲ್ಲಿದ್ದಾಗ ಮುಂದಿನ ವರ್ಷದ ರಾಜಸ್ವದ ಅಂದಾಜನ್ನು ಹತ್ತಾರು ಬಾರಿ ತಿದ್ದುವುದನ್ನು ಕಂಡಿದ್ದೇನೆ; ಇವರಾದರೋ ಒಂದು ದಶಕದಾಚೆಯ ಕುಡುಕರ ಸಂಖ್ಯೆಯನ್ನು ಎಣಿಸಬೇಕು. ಅರುವತ್ತು, ಎಪ್ಪತ್ತರ ದಶಕಗಳ ಏರುಗೆರೆಯನ್ನು ಅಳತೆಪಟ್ಟಿ ಇಟ್ಟು ಮುಂದಕ್ಕೆ ಎಳೆದರು. ಅಷ್ಟರಲ್ಲಿ ಎರಡು ತೈಲ ಆಘಾತಗಳು, ಅಮೆರಿಕ ಬ್ರಿಟನ್‌ಗಳ ಹಿಂಜರಿತ, ಹೊಸ ಪೀಳಿಗೆಗೆ ವೋಡ್ಕಾ ಮತ್ತು ವೈನ್‌ಗಳ ಹುಚ್ಚು. ಗೋದಾಮುಗಳಲ್ಲಿ ಮಾರಾಟವಾಗದ ವಿಸ್ಕಿಯ ಸರೋವರವೇ ನಿಂತಿತು. ಹಾಗೆಂದೇ ಅದನ್ನು ಕರೆದರು. 1983ರ ಒಂದೇ ವರ್ಷದಲ್ಲಿ ಡಿಸ್ಟಿಲರ್ಸ್ ಕಂಪೆನಿ ಹತ್ತಕ್ಕೂ ಹೆಚ್ಚು ಡಿಸ್ಟಿಲರಿಗಳನ್ನು ಮುಚ್ಚಿತು. ಯಾವುದನ್ನು ಮುಚ್ಚುವುದು? ಸಣ್ಣದು, ಹಳೆಯದು, ದೂರದ್ದು, ಪಕ್ಕದಲ್ಲಿ ಹೊಸದಿರುವುದು. ಬ್ರೋರಾಕ್ಕೆ ಈ ನಾಲ್ಕೂ ಲಕ್ಷಣಗಳಿದ್ದವು. ಇನ್ವರ್ನೆಸ್ ನಗರದ ಗ್ಲೆನ್ ಆಲ್ಬಿನ್, ಗ್ಲೆನ್ ಮೋರ್ ಡಿಸ್ಟಿಲರಿಗಳನ್ನು 1986ರಲ್ಲಿ ನೆಲಸಮ ಮಾಡಿ ಅಲ್ಲಿ ಅಂಗಡಿ ಮಳಿಗೆಗಳನ್ನು ಕಟ್ಟಿದರು. ಬ್ರೋರಾದ ಕಲ್ಲುಕಟ್ಟಡ ಮತ್ತು ಹಂಡೆಗಳು ಉಳಿದದ್ದು ಯಾರ ಪ್ರೀತಿಯಿಂದಲೂ ಅಲ್ಲ. ಅದು ನಿಂತಿದ್ದ ಜಾಗ ಬೇರೆ ಯಾರಿಗೂ ಬೇಡವಾಗಿತ್ತು.

ಅಂಥ ಊರಿಗೆ ಒಂದು ಡಿಸ್ಟಿಲರಿ ಎಂದರೆ ಏನೆಂಬುದನ್ನು ಎಡಿನ್‌ಬರೋ ಅಥವಾ ಲಂಡನ್ನಿನ ಲೆಕ್ಕಪುಸ್ತಕ ತೋರಿಸುವುದಿಲ್ಲ. ಶತಮಾನಗಳಿಂದ ನಡೆದುಬಂದಿದ್ದ ಬ್ರೋರಾದ ಕಲ್ಲಿದ್ದಲು ಗಣಿ 1974ರಲ್ಲೇ ಮುಚ್ಚಿತ್ತು. ಅದಾದ ಒಂಬತ್ತು ವರ್ಷಕ್ಕೆ ಇದು. ಮೊದಲು ಕಣಿವೆಯಿಂದ ಕಡಲಿಗೆ ತಂದು ಬಿಟ್ಟವರ ಮರಿಮಕ್ಕಳಿಗೆ, ಕಡಲ ಅಂಚಿನಲ್ಲೂ ಕೆಲಸ ಕಡಿಮೆಯಾಯಿತು ಎಂದಂತಾಯಿತು. ಎರಡೂ ಬಾರಿ ನಿರ್ಧಾರ ಮಾಡಿದವರು ದೂರದವರು. ಎರಡೂ ಬಾರಿ ಅವರ ಬಳಿ ಅಂಕಿಅಂಶಗಳಿದ್ದವು. ಸೆಲ್ಲರನ ಬೆಂಕಿಯನ್ನೂ 1983ರ ಆಡಳಿತ ಮಂಡಳಿಯ ಠರಾವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯವಾದೀತು, ಇಡುವುದಿಲ್ಲ. ಆದರೆ ಊರಿನವರನ್ನು ಯಾರೂ ಕೇಳಲಿಲ್ಲ ಎಂಬುದು ಎರಡಕ್ಕೂ ಸಮಾನ.

ಬೆಲೆ ಬಂದದ್ದು ಆಮೇಲೆ. ಡಿಸ್ಟಿಲರ್ಸ್ ಕಂಪೆನಿಯನ್ನು 1986ರಲ್ಲಿ ಗಿನ್ನೆಸ್ ನುಂಗಿತು. 1997ರಲ್ಲಿ ಗಿನ್ನೆಸ್ ಮತ್ತು ಗ್ರ್ಯಾಂಡ್ ಮೆಟ್ರೊಪಾಲಿಟನ್ ಕೂಡಿ ಡಿಯಾಜಿಯೊ ಆಯಿತು. 1995ರಲ್ಲಿ ಆರಂಭವಾದ ಅಪರೂಪದ ಮಾಲ್ಟ್‌ಗಳ ಮಾಲಿಕೆಯಲ್ಲಿ ಎಪ್ಪತ್ತರ ದಶಕದ ಬ್ರೋರಾ ಪೀಪಾಯಿಯ ಬಲದಲ್ಲೇ ಬಾಟಲಿಗೆ ಬಂದಾಗ ಬಲ್ಲವರು ಬೆರಗಾದರು. ಹೊಗೆ ಎರಡು ದಶಕಗಳಲ್ಲಿ ಮೆತ್ತಗಾಗಿತ್ತು, ಅದರಡಿಯಲ್ಲಿ ಮೇಣದಂಥ ನುಣುಪಿತ್ತು ಎಂದು ಅವರು ಬರೆದರು. ಗುಣ ಇದ್ದೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟೇ ಗುಣದ, ಬಾಗಿಲು ತೆರೆದಿರುವ ಡಿಸ್ಟಿಲರಿಯ ವಿಸ್ಕಿಗೆ ಈ ಬೆಲೆ ಬರದು. ಇನ್ನು ಮುಂದೆ ಇಲ್ಲ ಎಂಬುದಕ್ಕೆ ಕೊಟ್ಟ ಬೆಲೆ ಇದು. ಪ್ರತಿ ಬಾಟಲಿ ತೆರೆದಾಗಲೂ ಉಳಿದವುಗಳ ಬೆಲೆ ಏರುತ್ತದೆ. ಕಾದವರು ಯಾರು, ಪಡೆದವರು ಯಾರು ಎಂದು ನೋಡಿದರೆ, ಇಳಿಸಿದ ಕಾರ್ಮಿಕರಿಗೆ ಅಂದಿನ ಕೂಲಿ ಅಂದೇ ಸಂದಿತ್ತು. ಮುಚ್ಚಿದ ಕಂಪೆನಿಯೇ ಉಳಿದಿರಲಿಲ್ಲ. ಲಾಭ ಹೋದದ್ದು ಅದನ್ನು ಕೊಂಡವರಿಗೆ ಮತ್ತು ಹರಾಜುಕಟ್ಟೆಯ ಹೂಡಿಕೆದಾರರಿಗೆ.

2017ರ ಅಕ್ಟೋಬರಿನಲ್ಲಿ ಡಿಯಾಜಿಯೊ, ಐಲಾ ದ್ವೀಪದ ಪೋರ್ಟ್ ಎಲೆನ್ ಮತ್ತು ಬ್ರೋರಾ ಎರಡನ್ನೂ ಮೂರೂವರೆ ಕೋಟಿ ಪೌಂಡ್ ವೆಚ್ಚದಲ್ಲಿ ಮರಳಿ ತೆರೆಯುವುದಾಗಿ ಪ್ರಕಟಿಸಿತು. ಬ್ರೋರಾದ ಎರಡು ಹಂಡೆಗಳನ್ನು ಆಲೋವಾದ ತಾಮ್ರದ ಕಾರ್ಯಾಗಾರಕ್ಕೆ ಕಳಿಸಿ ದುರಸ್ತಿ ಮಾಡಿಸಿದರು. ಹಂಡೆಮನೆಯ ಗೋಡೆಯನ್ನು ಬಿಚ್ಚಿ, ಅವೇ ಕಲ್ಲುಗಳಿಂದ ಮತ್ತೆ ಕಟ್ಟಿದರು. ಹೆಚ್ಚಿನ ಕಷ್ಟ ಕಲ್ಲಿನದಲ್ಲ, ಆ ಮೇಣದ ಗುಣದ್ದು. ಪಕ್ಕದ ಕ್ಲೈನಲಿಶ್‌ನಲ್ಲಿ ಒಮ್ಮೆ ತೊಟ್ಟಿಯ ಒಳಗೆ ವರ್ಷಗಳಿಂದ ಕಟ್ಟಿದ್ದ ಜಿಡ್ಡನ್ನು ಶುಚಿಗೊಳಿಸಿದಾಗ ವಿಸ್ಕಿಯ ಮೇಣದ ಗುಣವೇ ಮಾಯವಾಯಿತಂತೆ. ಆ ಜಿಡ್ಡನ್ನು ಮತ್ತೆ ಕಟ್ಟಲು ಬಿಟ್ಟ ಮೇಲೆಯೇ ಗುಣ ಮರಳಿದ್ದು. ಹೊಸದಾಗಿ ಬಂದ ಕೂಡಲೇ ಕಚೇರಿಯನ್ನೆಲ್ಲ ತೊಳೆಯಹೊರಡುವ ಅಧಿಕಾರಿಗಳಿಗೆ ಈ ಪ್ರಸಂಗವನ್ನು ತರಬೇತಿಯಲ್ಲಿ ಹೇಳಬಹುದು. 2021ರ ಮೇ ತಿಂಗಳಲ್ಲಿ ಬ್ರೋರಾದ ಮೊದಲ ಪೀಪಾಯಿ ತುಂಬಿತು. ಬಾಗಿಲು ತೆರೆದ ಮುಖ್ಯ ಡಿಸ್ಟಿಲರ್ ಸ್ಟುವರ್ಟ್ ಬೋಮನ್ ಅದೇ ಊರಿನಲ್ಲಿ ಬೆಳೆದವರು; 1983ರಲ್ಲಿ ಲೆಡ್ಜರಿನ ಆ ಸಾಲು ಬರೆದ ಅಬಕಾರಿ ಅಧಿಕಾರಿಯ ಮಗ. ಅದೇ ವರ್ಷ ಕಂಪೆನಿ 1972, 1977 ಮತ್ತು 1982ರ ಮೂರು ಬ್ರೋರಾಗಳನ್ನು, ಅರ್ಧ ಲೀಟರಿನ ಒಂದೊಂದು ಬಾಟಲಿಯಂತೆ, ಪೆಟ್ಟಿಗೆಗೆ 30,000 ಪೌಂಡಿಗೆ ಮಾರಾಟಕ್ಕಿಟ್ಟಿತು. ಒಂದೂವರೆ ಲೀಟರಿಗೆ ಅಂದಿನ ದರದಲ್ಲಿ ಸುಮಾರು ಮೂವತ್ತು ಲಕ್ಷ ರೂಪಾಯಿ. ಪೆಟ್ಟಿಗೆಗಳು ಒಟ್ಟು 300.

ಈಗ ಏರುಗೆರೆಯನ್ನು ಮತ್ತೆ ಎಳೆಯುತ್ತಿದ್ದಾರೆ, ಮತ್ತು ಈ ಬಾರಿ ಅದು ನಮ್ಮತ್ತ ಬಾಗಿದೆ. 2022ರಲ್ಲಿ ಬಾಟಲಿಗಳ ಲೆಕ್ಕದಲ್ಲಿ ಭಾರತ ಫ್ರಾನ್ಸನ್ನು ಹಿಂದಿಕ್ಕಿ ಸ್ಕಾಚ್‌ನ ಅತಿ ದೊಡ್ಡ ರಫ್ತು ಮಾರುಕಟ್ಟೆಯಾಯಿತು. 2025ರ ಜುಲೈನಲ್ಲಿ ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದ, ಸ್ಕಾಚ್ ಮೇಲಿನ ಶೇ 150ರ ಆಮದು ಸುಂಕವನ್ನು ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸುವ ಮಾತು ಕೊಟ್ಟಿದೆ. ಬ್ರೋರಾದ ಒಡೆತನದ ಡಿಯಾಜಿಯೊವೇ 2014ರಲ್ಲಿ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್‌ನ ಬಹುಪಾಲು ಷೇರುಗಳನ್ನೂ ಕೈಗೆ ತೆಗೆದುಕೊಂಡಿತು. ಸ್ಕಾಟ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಇಂದು ಎಷ್ಟು ಪೀಪಾಯಿ ತುಂಬಬೇಕೆಂಬ ಲೆಕ್ಕದೊಳಗೆ, 2037ರಲ್ಲಿ ಬೆಂಗಳೂರಿನ ಮಧ್ಯಮ ವರ್ಗ ಏನು ಕುಡಿಯಲಿದೆ ಎಂಬ ಊಹೆಯೂ ಸೇರಿರುತ್ತದೆ. ಆ ಊಹೆಗೆ ನಮ್ಮ ರಾಜ್ಯಗಳ ಅಬಕಾರಿ ನೀತಿಯ ಚಂಚಲತೆ ಗೊತ್ತಿದೆಯೋ ಇಲ್ಲವೋ. 2021ರ ಮೇ ತಿಂಗಳಲ್ಲಿ ತುಂಬಿದ ಬ್ರೋರಾದ ಆ ಮೊದಲ ಪೀಪಾಯಿಗೆ ಮೂವತ್ತು ತುಂಬುವುದು 2051ರಲ್ಲಿ. ಅಷ್ಟರಲ್ಲಿ ಅದರ ಅರ್ಧಕ್ಕೆ ಸ್ವಲ್ಪ ಕಡಿಮೆ ಪಾಲು ಸದರ್ಲೆಂಡಿನ ಗಾಳಿಯಲ್ಲಿ ಸೇರಿಹೋಗಿರುತ್ತದೆ.